ಯುದ್ಧಸ್ಮರಣೆಯ ಸ್ಪರ್ಧೆಗೆ ಚಿತ್ರ ಕಳಿಸುವ ಮುನ್ನ

ಪ್ರಶ್ನೆ: ನಾನು ಕಾರವಾರದ ಕಡೆಯವಳು, ಈಗ ಪುಣೆಯ ಕೋಥ್ರೂಡ್‌ನಲ್ಲಿದ್ದೇನೆ. ಹವ್ಯಾಸಕ್ಕೆಂದು ಜಲವರ್ಣ, ಅಕ್ರಿಲಿಕ್ ಎರಡರಲ್ಲೂ ಚಿತ್ರ ಬರೆಯುತ್ತೇನೆ. ಯುದ್ಧಸ್ಮರಣೆಯ ಚಿತ್ರಕಲಾ ಸ್ಪರ್ಧೆಯೊಂದಕ್ಕೆ ಮೊದಲ ಸಲ ಚಿತ್ರ ಕಳಿಸಬೇಕೆಂದಿದ್ದೇನೆ. ಫಲಿತಾಂಶ ಡಿಸೆಂಬರ್ 16ರ ವಿಜಯ ದಿವಸದಂದು. ನವೆಂಬರ್ ಮಧ್ಯದೊಳಗೆ ಚಿತ್ರದ ಫೋಟೊ ಮತ್ತು 150 ಪದಗಳ ಟಿಪ್ಪಣಿ ಕೊಡಬೇಕು. ಆಯ್ಕೆಯಾದರೆ ಮೂಲ ಚಿತ್ರ ದಿಲ್ಲಿಗೆ ಹೋಗಬೇಕು. ಗರಿಷ್ಠ ಅಳತೆ 24×36 ಇಂಚು. ಕೈಯಲ್ಲಿ ಹತ್ತು ವಾರ ಇದೆ. ನಮ್ಮ ಕಡೆಯವರೇ ಆದ ಪರಮವೀರ ಚಕ್ರ ಪುರಸ್ಕೃತ ರಾಮ ರಾಘೋಬ ರಾಣೆ ಅವರನ್ನು ಚಿತ್ರಿಸುವ ಆಸೆ. ನಮ್ಮ ಮನೆಯಲ್ಲಿ ಸೈನ್ಯದವರು ಯಾರೂ ಇಲ್ಲ. ಎಲ್ಲಿಂದ ಶುರುಮಾಡಲಿ?

ಉತ್ತರ: ರಾಣೆಯವರಿಂದಲೇ ಶುರುಮಾಡಿ. ಆಯ್ಕೆ ಒಳ್ಳೆಯದು, ಪುಣೆಯಲ್ಲಿ ಕೂತು ಮಾಡುವುದಕ್ಕಂತೂ ಇನ್ನೂ ಒಳ್ಳೆಯದು. ಕಾರವಾರ ಹತ್ತಿರದ ಚೆಂಡಿಯಾದಲ್ಲಿ 1918ರಲ್ಲಿ ಹುಟ್ಟಿದ ಅವರು ಸೇವೆ ಸಲ್ಲಿಸಿದ್ದು ಸೇನೆಯ ಎಂಜಿನಿಯರ್ ದಳವಾದ ಬಾಂಬೆ ಸ್ಯಾಪರ್ಸ್‌ನಲ್ಲಿ. ಅದರ ಕೇಂದ್ರ ಇರುವುದು ನಿಮ್ಮ ಖಡಕಿಯಲ್ಲೇ. ಅವರು ತೀರಿಕೊಂಡದ್ದೂ ಪುಣೆಯಲ್ಲೇ, 1994ರಲ್ಲಿ.

ಆ ಕೊನೆಯ ಇಸವಿಯನ್ನು ಗಮನದಲ್ಲಿಡಿ. ರಾಣೆ ಯುದ್ಧದಲ್ಲಿ ಮಡಿದವರಲ್ಲ. ಪರಮವೀರ ಚಕ್ರವನ್ನು ಬದುಕಿದ್ದಾಗಲೇ ಪಡೆದ ಮೊದಲಿಗರು. ‘ಹುತಾತ್ಮ ರಾಣೆ’ ಎಂದು ಶೀರ್ಷಿಕೆ ಕೊಟ್ಟು ಕಳಿಸಿದರೆ, ತೀರ್ಪುಗಾರರ ಸಾಲಿನಲ್ಲಿ ಒಬ್ಬ ನಿವೃತ್ತ ಸೇನಾಧಿಕಾರಿ ಇದ್ದರೂ ಸಾಕು, ನಿಮ್ಮ ಚಿತ್ರ ಅಲ್ಲೇ ನಿಂತಿತು. ಇಂಥ ಸ್ಪರ್ಧೆಗಳಲ್ಲಿ ಅಂಥವರು ಒಬ್ಬರಾದರೂ ಇದ್ದೇ ಇರುತ್ತಾರೆ. ಆದ್ದರಿಂದ ನಿಯಮಾವಳಿಯನ್ನು ಮತ್ತೊಮ್ಮೆ ಓದಿ. ವಿಷಯ ‘ಹುತಾತ್ಮರ ಸ್ಮರಣೆ’ ಎಂದು ಬಿಗಿಯಾಗಿದೆಯೋ, ‘ಯುದ್ಧಸ್ಮರಣೆ’ ಎಂದು ಸಡಿಲವಾಗಿದೆಯೋ ನೋಡಿ. ಬಿಗಿಯಾಗಿದ್ದರೂ ರಾಣೆಯವರನ್ನು ಕೈಬಿಡಬೇಕಿಲ್ಲ. 1948ರ ಏಪ್ರಿಲ್ 8ರಂದು ನೌಶೇರಾ–ರಜೌರಿ ರಸ್ತೆಯಲ್ಲಿ ನೆಲಬಾಂಬು (ಮೈನ್) ತೆಗೆಯುವ ಕೆಲಸ ಶುರುವಾಗುತ್ತಿದ್ದಂತೆ ಬಿದ್ದ ಮಾರ್ಟರ್ ಗುಂಡಿಗೆ ಅವರ ತುಕಡಿಯ ಇಬ್ಬರು ಸತ್ತರು, ರಾಣೆಯೂ ಸೇರಿದಂತೆ ಹಲವರು ಗಾಯಗೊಂಡರು. ಗಾಯಗೊಂಡ ರಾಣೆ ಏಪ್ರಿಲ್ 11ರವರೆಗೂ ರಸ್ತೆ ಬಿಡಿಸುತ್ತಲೇ ಹೋದರು. ಸ್ಮರಣೆಯ ಚಿತ್ರದಲ್ಲಿ ಆ ಇಬ್ಬರಿಗೆ ಜಾಗ ಬೇಕು. ಹೆಸರು ಬರೆಯಬೇಕೆಂದಲ್ಲ, ಹೆಣ ತೋರಿಸಬೇಕೆಂದೂ ಅಲ್ಲ. ರಸ್ತೆಯ ಅಂಚಿನಲ್ಲಿ ಯಾರ ಕೈಯಲ್ಲೂ ಇಲ್ಲದ ಎರಡು ಗುದ್ದಲಿಗಳಿದ್ದರೆ ನೋಡುವವರಿಗೆ ತಿಳಿಯುತ್ತದೆ. ತಿಳಿಯದವರಿಗೆ ಟಿಪ್ಪಣಿಯ ಒಂದು ಸಾಲು ಹೇಳುತ್ತದೆ.

ಇಲ್ಲಿ ನನ್ನದೊಂದು ಗಟ್ಟಿ ಅಭಿಪ್ರಾಯವಿದೆ. ಯುದ್ಧಸ್ಮರಣೆಯ ಸ್ಪರ್ಧೆಗೆ ಬರುವ ಚಿತ್ರಗಳಲ್ಲಿ ಬಹುಪಾಲು ಸೋಲುವುದು ಕೈಚಳಕ ಸಾಲದೆ ಅಲ್ಲ, ಎಲ್ಲವನ್ನೂ ತುಂಬಿದ್ದರಿಂದ. ತ್ರಿವರ್ಣ, ತಲೆಕೆಳಗಾದ ಬಂದೂಕು, ಹೆಲ್ಮೆಟ್, ಉದಯಿಸುವ ಸೂರ್ಯ, ಅಳುವ ತಾಯಿ, ಮೋಡದಲ್ಲಿ ಸೈನಿಕನ ಮುಖ, ಮೂಲೆಯಲ್ಲಿ ಭಾರತದ ನಕ್ಷೆ — ಇವೆಲ್ಲ ಒಂದೇ ಕ್ಯಾನ್ವಾಸಿನಲ್ಲಿ ಕೂತಾಗ ಯಾರನ್ನೂ ನೆನೆಯಲು ಆಗುವುದಿಲ್ಲ. ನೆನಪಿಗೆ ಒಬ್ಬ ವ್ಯಕ್ತಿ, ಒಂದು ಜಾಗ, ಒಂದು ದಿನ ಬೇಕು. ಅದು ಸಿಕ್ಕ ಮೇಲೆ ಅದರೊಳಗಿನ ಒಂದು ವಸ್ತುವನ್ನು ಹಿಡಿಯಿರಿ.

ರಾಣೆಯವರ ವಿಷಯದಲ್ಲಿ ಆ ವಸ್ತು ಹಗ್ಗ. ಶತ್ರುವಿನ ಮೆಷಿನ್‌ಗನ್ ರಸ್ತೆಯನ್ನೇ ಗುರಿಯಿಟ್ಟಿದ್ದಾಗ ಅವರು ಸ್ಟುವರ್ಟ್ ಟ್ಯಾಂಕಿನ ಅಡಿಯಲ್ಲಿ ತೆವಳುತ್ತ, ಹಗ್ಗ ಎಳೆದು ಚಾಲಕನಿಗೆ ನಿಲ್ಲು, ನಡೆ ಎಂದು ಸನ್ನೆ ಕೊಡುತ್ತ ಮುಂದೆ ಸಾಗಿದರು. ದಾರಿಗೆ ಅಡ್ಡ ಕೆಡವಿದ್ದ ಪೈನ್ ಮರಗಳನ್ನು ಸಿಡಿಸಿ ತೆಗೆದರು. ಧೂಳು, ಟ್ಯಾಂಕಿನ ಹೊಟ್ಟೆ, ಒಂದು ಕೈ, ಬಿಗಿದ ಹಗ್ಗ, ಮುಂದೆ ಬೆಳಕಿನಲ್ಲಿ ಒಂದಿಷ್ಟು ರಸ್ತೆ. ಇಷ್ಟರಲ್ಲಿ ಇಡೀ ಕಥೆಯಿದೆ. ಸ್ಫೋಟ, ಬೆಂಕಿ, ಕಿರುಚುವ ಬಾಯಿ ಯಾವುದೂ ಬೇಡ.

ಈ ಚೌಕಟ್ಟನ್ನು ಆರಿಸಿದರೆ ಅಳತೆ ಸರಿಯಿರಬೇಕು. ಸ್ಟುವರ್ಟ್ ಸಣ್ಣ ಟ್ಯಾಂಕು: ಅಗಲ ಸುಮಾರು ಎರಡೂಕಾಲು ಮೀಟರ್, ನೆಲಕ್ಕೂ ಅದರ ಹೊಟ್ಟೆಗೂ ನಡುವಿನ ಅಂತರ ಅರ್ಧ ಮೀಟರ್‌ಗಿಂತ ಕಡಿಮೆ. ಅಲ್ಲಿ ಮಂಡಿಯೂರಿ ಕೂರಲು ಆಗದು, ತಲೆ ಎತ್ತಿ ನೋಡಲೂ ಆಗದು. ಮೊಣಕೈ ಮೇಲೆ ಮಲಗಿದ ದೇಹ ಮಾತ್ರ ಹಿಡಿಯುತ್ತದೆ. ಮನೆಯ ಊಟದ ಮೇಜಿನ ಅಡಿಯಲ್ಲಿ ಯಾರನ್ನಾದರೂ ತೆವಳಿಸಿ ಚಿತ್ರ ಬರೆದುಕೊಂಡರೆ ಭಂಗಿ ತಪ್ಪುತ್ತದೆ, ಮೇಜು ಸುಮಾರು 75 ಸೆಂಟಿಮೀಟರ್ ಎತ್ತರ ಇರುತ್ತದೆ. ಎರಡು ಕುರ್ಚಿಗಳ ಅಡ್ಡಪಟ್ಟಿಯ ಮೇಲೆ ಹಲಗೆ ಇಟ್ಟು, ನೆಲದಿಂದ 40 ಸೆಂಟಿಮೀಟರ್‌ಗೆ ಇಳಿಸಿ, ಕೆಳಗೆ ಒಬ್ಬರನ್ನು ಮಲಗಿಸಿ, ಒಂದು ಬದಿಯಿಂದ ಮಾತ್ರ ದೀಪ ಹಾಕಿ ಸ್ಕೆಚ್ ಮಾಡಿ. ಬೆನ್ನು, ಭುಜ, ಕತ್ತು ಎಲ್ಲೆಲ್ಲಿ ಬಿಗಿಯುತ್ತವೆ ಎಂಬುದು ಅರ್ಧ ಗಂಟೆಯಲ್ಲಿ ಗೊತ್ತಾಗುತ್ತದೆ. ಟ್ರ್ಯಾಕು, ಚಕ್ರ, ರಿವೆಟ್ಟುಗಳ ಅಂದಾಜು ಸಿಗಲು ಅಹಿಲ್ಯಾನಗರದ ಕ್ಯಾವಲ್ರಿ ಟ್ಯಾಂಕ್ ಮ್ಯೂಸಿಯಂ ಇದೆ. ಪುಣೆಯಿಂದ ಸುಮಾರು 120 ಕಿಲೋಮೀಟರ್, ಒಂದು ದಿನದಲ್ಲಿ ಹೋಗಿ ಬರಬಹುದು. ಎರಡನೇ ಮಹಾಯುದ್ಧ ಕಾಲದ ಟ್ಯಾಂಕುಗಳನ್ನು ಸುತ್ತು ಹಾಕಿ ನೋಡಬಹುದು. ಸ್ಕೆಚ್ ಪುಸ್ತಕ ತೆರೆಯುವ ಮೊದಲು ಬಾಗಿಲಲ್ಲಿ ಅನುಮತಿ ಕೇಳಿ. ಫೋಟೊಕ್ಕೆ ಬೇಡ ಎಂದರೂ ಪೆನ್ಸಿಲಿಗೆ ಎಷ್ಟೋ ಸಲ ಬೇಡ ಎನ್ನುವುದಿಲ್ಲ.

ಕಾಲದೋಷಕ್ಕೆ ಬರೋಣ. ತೀರ್ಪುಗಾರರು ಅತಿ ಬೇಗ ಹಿಡಿಯುವುದು ಇದನ್ನೇ. ಪರಮವೀರ ಚಕ್ರ ಸ್ಥಾಪನೆಯಾದದ್ದು 1950ರ ಜನವರಿ 26ರಂದು, 1947ರ ಆಗಸ್ಟ್ 15ರಿಂದ ಪೂರ್ವಾನ್ವಯವಾಗುವಂತೆ. ಆದ್ದರಿಂದ 1948ರ ಏಪ್ರಿಲ್‌ನ ರಾಣೆಯವರ ಎದೆಯ ಮೇಲೆ ಅದರ ನೇರಳೆ ರಿಬ್ಬನ್ ಇರಲು ಸಾಧ್ಯವಿಲ್ಲ. ಹೆಗಲ ಮೇಲೆ ಅಶೋಕ ಸಿಂಹ ಬಂದದ್ದೂ ಗಣರಾಜ್ಯವಾದ ಮೇಲೆ. ಅಂದು ಅವರು ಸೆಕೆಂಡ್ ಲೆಫ್ಟಿನೆಂಟ್, ಹೆಗಲಿಗೆ ಒಂದೇ ನಕ್ಷತ್ರ. ಬಂದೂಕು ತೋರಿಸುವುದಾದರೆ .303 ಲೀ–ಎನ್‌ಫೀಲ್ಡ್. 1962ರಲ್ಲೂ ನಮ್ಮ ಕಾಲಾಳುಗಳ ಕೈಯಲ್ಲಿ ಇದ್ದದ್ದು ಅದೇ. 1971ಕ್ಕೆ 7.62 ಎಸ್‌ಎಲ್‌ಆರ್, 1999ರ ಕಾರ್ಗಿಲ್‌ಗೆ ಇನ್ಸಾಸ್. 1971ರ ಬಸಂತರ್ ಕದನದ ಅರುಣ್ ಖೇತ್ರಪಾಲ್ ಚಿತ್ರದಲ್ಲಿ ಟಿ-72 ಟ್ಯಾಂಕು ಬರೆದವರಿದ್ದಾರೆ; ಅವರ ರೆಜಿಮೆಂಟ್ ಪೂನಾ ಹಾರ್ಸ್ ಅಂದು ಹೋರಾಡಿದ್ದು ಸೆಂಚೂರಿಯನ್‌ಗಳಲ್ಲಿ. ಈಗಿನ ಡಿಜಿಟಲ್ ಚುಕ್ಕೆಯ ಸಮವಸ್ತ್ರ ಹೊರಬಂದದ್ದು 2022ರ ಜನವರಿಯ ಸೇನಾ ದಿನದಂದು. ಅದನ್ನು ಕಾರ್ಗಿಲ್ ಸೈನಿಕನಿಗೆ ತೊಡಿಸಬಾರದು. ಬೆರೆಟ್ ಬಣ್ಣವೂ ಮಾತಾಡುತ್ತದೆ: ಟ್ಯಾಂಕು ದಳವಾದ ಆರ್ಮರ್ಡ್ ಕೋರ್‌ಗೆ ಕಪ್ಪು, ಪ್ಯಾರಾಚೂಟ್ ದಳಕ್ಕೆ ಮೆರೂನ್. ನಿಮ್ಮ ಚಿತ್ರದಲ್ಲಿ ದೇಹ ನೆರಳಲ್ಲಿ, ಧೂಳಿನಲ್ಲಿ ಇರುವುದರಿಂದ ಬಟ್ಟೆಯ ವಿವರ ಕಡಿಮೆ ಸಾಕು. ಗೊತ್ತಿಲ್ಲದ ಪಟ್ಟಿ, ಬಿಲ್ಲೆಗಳನ್ನು ಊಹಿಸಿ ಬರೆಯುವುದಕ್ಕಿಂತ ನೆರಳಿಗೆ ಬಿಡುವುದು ಉತ್ತಮ.

ತ್ರಿವರ್ಣವನ್ನು ಈ ಚಿತ್ರದಲ್ಲಿ ತರಬೇಡಿ ಎಂಬುದು ನನ್ನ ಸಲಹೆ. ಆದರೂ ಬೇರೆ ಚಿತ್ರ ಮಾಡುವಾಗ ಬೇಕಾಗುವ ಮಾತು: ಧ್ವಜದ ಉದ್ದ ಅಗಲಗಳ ಅನುಪಾತ 3:2, ಚಕ್ರಕ್ಕೆ 24 ಅರೆಗಳು, ಬಣ್ಣ ಗಾಢ ನೀಲಿ. ಶವಪೆಟ್ಟಿಗೆಯ ಮೇಲೆ ಹೊದಿಸಿದಾಗ ಕೇಸರಿ ತಲೆಯ ಕಡೆಗೆ ಬರಬೇಕು. ಧ್ವಜದ ಮೇಲೆ ಅಕ್ಷರ ಬರೆಯುವಂತಿಲ್ಲ. ಅದು ಚಿತೆಯ ಮೇಲೆ ಸುಡುತ್ತಿರುವಂತೆಯೋ ಗೋರಿಯೊಳಗೆ ಇಳಿಯುತ್ತಿರುವಂತೆಯೋ ತೋರಿಸಿದರೆ ಅದು ಧ್ವಜ ಸಂಹಿತೆಗೇ ವಿರುದ್ಧ. ಅಮರ್ ಜವಾನ್ ಸಂಕೇತದಲ್ಲಿ ಬಂದೂಕಿನ ಬಾಯಿ ಕೆಳಗೆ, ಹಿಡಿಯ ಮೇಲೆ ಹೆಲ್ಮೆಟ್. ಉಲ್ಟಾ ಬರೆದ ಚಿತ್ರಗಳು ಪ್ರತಿ ವರ್ಷವೂ ಬರುತ್ತವೆ. ಅಮರ್ ಜವಾನ್ ಜ್ಯೋತಿಯನ್ನು ಇಂಡಿಯಾ ಗೇಟ್ ಅಡಿಯಲ್ಲಿ ಬರೆದರೆ ನೀವು ತೋರಿಸುತ್ತಿರುವುದು 1972ರಿಂದ 2022ರ ಜನವರಿಯವರೆಗಿನ ಕಾಲ. ಆಮೇಲೆ ಅದನ್ನು ರಾಷ್ಟ್ರೀಯ ಯುದ್ಧ ಸ್ಮಾರಕದ ಜ್ಯೋತಿಯಲ್ಲಿ ವಿಲೀನಗೊಳಿಸಲಾಯಿತು. ಕೆಂಪು ಗಸಗಸೆ ಹೂವು ಯುರೋಪಿನ ನವೆಂಬರ್ 11ರ ಸ್ಮರಣೆಯದು. ಖಡಕಿಯ ಯುದ್ಧ ಸ್ಮಶಾನವನ್ನೋ ಮೊದಲ ಮಹಾಯುದ್ಧವನ್ನೋ ಬರೆಯುವವರಿಗೆ ಒಪ್ಪುತ್ತದೆ, 1948ರ ರಜೌರಿ ರಸ್ತೆಗೆ ಒಪ್ಪುವುದಿಲ್ಲ.

ನಿಮ್ಮ ಮನೆಯಲ್ಲಿ ಸೈನ್ಯದವರಿಲ್ಲ ಎಂಬುದು ಅಡ್ಡಿಯೇನಲ್ಲ. ಬದಲಿಗೆ ಎರಡು ವಾರ ನೋಡುವುದಕ್ಕೆ ಮೀಸಲಿಡಿ. ಘೋರ್ಪಡಿ ಬಳಿಯ ದಕ್ಷಿಣ ಕಮಾಂಡಿನ ಯುದ್ಧ ಸ್ಮಾರಕ ನಾಗರಿಕರ ವಂತಿಗೆಯಿಂದ ಕಟ್ಟಿದ್ದು, 1998ರಲ್ಲಿ ಉದ್ಘಾಟನೆಯಾಯಿತು. ಅಲ್ಲಿ ಕಲ್ಲಿನ ಮೇಲಿನ ಹೆಸರುಗಳನ್ನು ಓದುತ್ತ ನಿಂತವರನ್ನು ಗಮನಿಸಿ: ಬೆರಳು ಹೇಗೆ ಸರಿಯುತ್ತದೆ, ಎಲ್ಲಿ ನಿಲ್ಲುತ್ತದೆ. ಖಡಕಿಯ ಯುದ್ಧ ಸ್ಮಶಾನದಲ್ಲಿ ಎರಡನೇ ಮಹಾಯುದ್ಧದ 1,600ಕ್ಕೂ ಹೆಚ್ಚು ಸಮಾಧಿಗಳಿವೆ. ಮೊದಲ ಮಹಾಯುದ್ಧದ ಕಾಲದಲ್ಲಿ ಸತ್ತು, ದೂರದೂರದ ಸ್ಮಶಾನಗಳಲ್ಲಿ ಹೂಳಿಸಿಕೊಂಡವರ ಹೆಸರಿಗೆ ಬೇರೆ ಸ್ಮಾರಕವೂ ಅದೇ ಆವರಣದಲ್ಲಿದೆ. ಬೆಳಿಗ್ಗೆ ಎಂಟರಿಂದ ಹತ್ತರ ನಡುವಿನ ಓರೆ ಬೆಳಕಿನಲ್ಲಿ ಸ್ಕೆಚ್ ಮಾಡಿ. ಸಮಾಧಿಗಳ ಮೇಲೆ ಸಾಮಾನು ಇಡಬೇಡಿ, ಹುಲ್ಲಿನ ಮೇಲೆ ನೀರುಬಣ್ಣ ಚೆಲ್ಲಬೇಡಿ; ಪೆನ್ಸಿಲ್ ಸಾಕು. ಇವು ಯಾವುವೂ ನಿಮ್ಮ ಚಿತ್ರದಲ್ಲಿ ಕಾಣಿಸದಿರಬಹುದು, ಆದರೆ ಕೈಯ ಅವಸರವನ್ನು ಇಳಿಸುತ್ತವೆ.

ಊರಿಗೆ ಹೋದರೆ ಕಾರವಾರದ ಕಡಲತೀರದಲ್ಲಿರುವ ರಾಣೆಯವರ ಪ್ರತಿಮೆಯನ್ನು ನೋಡಿಬನ್ನಿ, ಆದರೆ ಅದನ್ನೇ ನಕಲು ಮಾಡಬೇಡಿ. ಪ್ರತಿಮೆ ಇನ್ನೊಬ್ಬ ಕಲಾವಿದರ ಕೃತಿ. ಹಳೆಯ ಫೋಟೊಗಳ ವಿಚಾರವನ್ನೂ ಇಲ್ಲೇ ಹೇಳಿಬಿಡುತ್ತೇನೆ. ನಮ್ಮ ಕಾಯಿದೆಯಲ್ಲಿ ಫೋಟೊದ ಹಕ್ಕು ಪ್ರಕಟವಾದ ಮುಂದಿನ ವರ್ಷದಿಂದ 60 ವರ್ಷ. 1948ರಲ್ಲಿ ಪ್ರಕಟವಾದ ಫೋಟೊಗಳ ಅವಧಿ ಮುಗಿದಿದೆ. 1999ರ ಕಾರ್ಗಿಲ್ ಫೋಟೊಗಳದ್ದು 2059ರ ಕೊನೆಯವರೆಗೆ ಇದೆ. ಬೋಫೋರ್ಸ್ ತೋಪಿನ, ಶಿಖರದ ಮೇಲೆ ಬಾವುಟ ಹಿಡಿದವರ ಪ್ರಸಿದ್ಧ ಫೋಟೊಗಳನ್ನು ಬಣ್ಣದಲ್ಲಿ ಮತ್ತೆ ಬರೆದು ಕಳಿಸಿದರೆ ತೀರ್ಪುಗಾರರು ಒಂದು ನಿಮಿಷದಲ್ಲಿ ಗುರುತಿಸುತ್ತಾರೆ. ಹಕ್ಕಿನ ಅವಧಿ ಮುಗಿದ ಫೋಟೊವನ್ನೂ ಆಕರವಾಗಿ ಬಳಸಿ, ಸಂಯೋಜನೆ ನಿಮ್ಮದೇ ಆಗಿರಲಿ. ಎಐ ತಂತ್ರಾಂಶದಿಂದ ಚಿತ್ರ ಮಾಡಿಸಿಕೊಂಡು ಅದರ ಮೇಲೆ ಬರೆಯುವುದೂ ಬೇಡ. ನಿಯಮ ನಿಷೇಧಿಸಿರಲಿ ಬಿಡಲಿ, ಆ ತಂತ್ರಾಂಶಗಳು ಬಿಲ್ಲೆ, ಬಂದೂಕು, ಟ್ಯಾಂಕಿನ ಚಕ್ರಗಳನ್ನು ತಪ್ಪಾಗಿ ಬೆರೆಸುತ್ತವೆ. ತಪ್ಪಿನ ಹೊಣೆ ನಿಮ್ಮ ತಲೆಗೆ ಬರುತ್ತದೆ.

ಮಾಧ್ಯಮ: ಅಕ್ರಿಲಿಕ್, ಕ್ಯಾನ್ವಾಸಿನ ಮೇಲೆ. ಜಲವರ್ಣಕ್ಕೆ ಗಾಜೋ ಅಕ್ರಿಲಿಕ್ ಹಾಳೆಯೋ ಬೇಕು. ಗಾಜಿನ ಚೌಕಟ್ಟನ್ನು ಎಷ್ಟೋ ಸಂಘಟಕರು ತೆಗೆದುಕೊಳ್ಳುವುದೇ ಇಲ್ಲ, ದಿಲ್ಲಿ ತಲುಪುವಷ್ಟರಲ್ಲಿ ಗಾಜು ಒಡೆದು ಕಾಗದವನ್ನು ಸೀಳಿರುವುದೂ ಉಂಟು. ಜಲವರ್ಣವನ್ನು ಸಣ್ಣ ಬಣ್ಣದ ಅಧ್ಯಯನಗಳಿಗೆ ಇಟ್ಟುಕೊಳ್ಳಿ.

ಅಳತೆಯಲ್ಲಿ ಒಂದು ಹಳ್ಳವಿದೆ. 24×36 ಎಂಬುದು ಚೌಕಟ್ಟು ಸೇರಿಯೋ ಬಿಟ್ಟೋ? ಎರಡು ಇಂಚಿನ ಪಟ್ಟಿ ಹಾಕಿದರೆ 24×36 ಕ್ಯಾನ್ವಾಸ್ 28×40 ಆಗುತ್ತದೆ. ನಿಯಮದಲ್ಲಿ ಸ್ಪಷ್ಟವಿಲ್ಲದಿದ್ದರೆ ಮಿಂಚಂಚೆಯಲ್ಲಿ ಕೇಳಿ ಉತ್ತರ ಇಟ್ಟುಕೊಳ್ಳಿ. ನಾನಾದರೆ 20×30 ಇಂಚು ತೆಗೆದುಕೊಳ್ಳುವೆ. ಚೌಕಟ್ಟು ಸೇರಿದರೂ ಮಿತಿಯೊಳಗೆ ಉಳಿಯುತ್ತದೆ, ತೆವಳುವ ದೇಹಕ್ಕೆ ಅಡ್ಡಗಲದ ಆ ಅನುಪಾತ ಹೊಂದುತ್ತದೆ, ಸಾಗಾಟವೂ ಸುಲಭ. ಒಂದೂವರೆ ಇಂಚು ದಪ್ಪದ ಸ್ಟ್ರೆಚರ್ (ಕ್ಯಾನ್ವಾಸನ್ನು ಬಿಗಿಯುವ ಮರದ ಪಟ್ಟಿಗಳು) ಆರಿಸಿದರೆ ಚೌಕಟ್ಟಿಲ್ಲದೆಯೂ ತೂಗುಹಾಕಬಹುದು. ಪಕ್ಕದ ಅಂಚುಗಳಿಗೆ ಗಾಢ ಬೂದು ಬಳಿಯಿರಿ. ಅಪ್ಪಾ ಬಳವಂತ ಚೌಕದ ಸುತ್ತಿನ ಅಂಗಡಿಗಳಲ್ಲಿ ಸಿದ್ಧ ಕ್ಯಾನ್ವಾಸ್ ಸಿಗುತ್ತದೆ. ಕೊಳ್ಳುವ ಮೊದಲು ಸಮತಟ್ಟಾದ ನೆಲದ ಮೇಲಿಟ್ಟು ನಾಲ್ಕು ಮೂಲೆಯೂ ಕೂರುತ್ತವೆಯೇ ನೋಡಿ, ಎರಡು ಕರ್ಣಗಳನ್ನೂ ಟೇಪಿನಲ್ಲಿ ಅಳೆಯಿರಿ. ಕರ್ಣಗಳಲ್ಲಿ ಮೂರು ಮಿಲಿಮೀಟರ್‌ಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಬೇರೆಯದು ಕೇಳಿ. ಅದು ಫೋಟೊದಲ್ಲೂ ಸೊಟ್ಟಗೆ ಕಾಣುತ್ತದೆ.

ಸಿದ್ಧ ಕ್ಯಾನ್ವಾಸಿನ ಮೇಲೂ ಎರಡು ಪದರ ಗೆಸ್ಸೊ (ಬಣ್ಣ ಹಿಡಿಯಲೆಂದು ಬಳಿಯುವ ಬಿಳಿ ತಳಲೇಪ) ಕೊಡಿ, ಒಂದನ್ನು ಅಡ್ಡಕ್ಕೆ, ಮತ್ತೊಂದನ್ನು ಉದ್ದಕ್ಕೆ, ನಡುವೆ 320ರ ಉಪ್ಪುಕಾಗದದಲ್ಲಿ ಹಗುರವಾಗಿ ಉಜ್ಜಿ. ಒಂದು ದಿನ ಒಣಗಲಿ. ಸೆಪ್ಟೆಂಬರ್‌ನ ಪುಣೆಯಲ್ಲಿ ಗಾಳಿ ಇನ್ನೂ ತೇವ. ಕ್ಯಾನ್ವಾಸ್ ಜೋಲುತ್ತದೆ, ಗೆಸ್ಸೊ ಒಣಗಿದಂತೆ ಕಂಡರೂ ಒಳಗೆ ಹಸಿಯಿರುತ್ತದೆ. ಜೋಲಿದೆಯೆಂದು ಆಗಲೇ ಮೂಲೆಯ ಬೆಣೆಗಳನ್ನು ಬಡಿದು ಬಿಗಿಮಾಡಬೇಡಿ. ಅಕ್ಟೋಬರ್‌ನಲ್ಲಿ ಮಳೆ ಹಿಂದೆ ಸರಿದು ಗಾಳಿ ಒಣಗಿದಾಗ ಅದು ತಾನೇ ಬಿಗಿಯುತ್ತದೆ. ಮೊದಲೇ ಬಿಗಿಮಾಡಿದ್ದರೆ ಅತಿಯಾಗಿ ಸೆಳೆದು ಮೂಲೆಗಳಲ್ಲಿ ನೆರಿಗೆ ಬೀಳುತ್ತದೆ. ಮುಂಬಯಿ, ಗೋವೆಯಲ್ಲಿ ಇದೇ ಕೆಲಸ ಮಾಡುವವರಿಗೆ ಬೂಷ್ಟಿನ ಕಾಟವೂ ಸೇರುತ್ತದೆ. ಅಲ್ಲಿ ಚಿತ್ರವನ್ನು ಗೋಡೆಗೆ ಒರಗಿಸದೆ, ಹಿಂಬದಿಗೆ ಗಾಳಿ ಆಡುವಂತೆ ಇಡಬೇಕು.

ಕ್ಯಾನ್ವಾಸಿಗೆ ಕೈ ಹಾಕುವ ಮೊದಲು ಅಂಗೈಯಗಲದ ಹನ್ನೆರಡು ಕಿರುಚಿತ್ರಗಳನ್ನು ಬರೆಯಿರಿ, ಕಪ್ಪು, ಬೂದು, ಬಿಳಿ ಮೂರೇ ಛಾಯೆಗಳಲ್ಲಿ. ಈ ವಿಷಯದಲ್ಲಿ ಗೆಲುವು ಸೋಲು ತೀರ್ಮಾನವಾಗುವುದು ಇಲ್ಲಿ. ಟ್ಯಾಂಕಿನ ಅಡಿಯ ಕತ್ತಲು ಚಿತ್ರದ ಮೂರರಲ್ಲಿ ಎರಡು ಪಾಲು ತೆಗೆದುಕೊಳ್ಳಲಿ. ಬೆಳಕಿನ ರಸ್ತೆ ಒಂದು ಪಾಲು. ಹಗ್ಗ ಕತ್ತಲಿನಿಂದ ಬೆಳಕಿಗೆ ದಾಟುವ ಜಾಗವೇ ಕಣ್ಣು ನಿಲ್ಲುವ ಬಿಂದು. ಆ ಬಿಂದುವನ್ನು ಚಿತ್ರದ ನಟ್ಟನಡುವೆ ಇಡಬೇಡಿ, ಎಡಕ್ಕೋ ಬಲಕ್ಕೋ ಮೂರನೇ ಒಂದರ ಹತ್ತಿರ ಇರಲಿ. ಮೊದಲ ಸುತ್ತಿನ ತೀರ್ಪುಗಾರರು ಚಿತ್ರವನ್ನು ಪರದೆಯ ಮೇಲೆ ಅಂಚೆಚೀಟಿಗಿಂತ ಸ್ವಲ್ಪ ದೊಡ್ಡದಾಗಿ ನೋಡುತ್ತಾರೆ. ನಿಮ್ಮ ಕಿರುಚಿತ್ರ ಆ ಗಾತ್ರದಲ್ಲಿ ಓದಿಸಿಕೊಳ್ಳದಿದ್ದರೆ 30 ಇಂಚಿನಲ್ಲೂ ಓದಿಸಿಕೊಳ್ಳದು. ಹನ್ನೆರಡರಲ್ಲಿ ಮೂರನ್ನು ಆರಿಸಿ 6×9 ಇಂಚಿನಲ್ಲಿ ಬಣ್ಣ ಹಾಕಿ, ಒಂದು ವಾರ ಎದುರಿಗಿಟ್ಟು ಒಂದನ್ನು ಉಳಿಸಿ.

ಬಣ್ಣಗಳು ಕಡಿಮೆ ಇರಲಿ: ಯೆಲ್ಲೊ ಓಕರ್, ರಾ ಅಂಬರ್, ಬರ್ಂಟ್ ಅಂಬರ್, ಅಲ್ಟ್ರಾಮರೀನ್, ಐವರಿ ಬ್ಲ್ಯಾಕ್, ಟೈಟೇನಿಯಂ ವೈಟ್, ಜೊತೆಗೆ ಒಂದು ಕ್ವಿನಾಕ್ರಿಡೋನ್ ಕೆಂಪು. ಟ್ಯಾಂಕಿನ ಆಲಿವ್ ಬಣ್ಣವನ್ನು ಟ್ಯೂಬಿನ ಹಸಿರಿನಿಂದ ಮಾಡಬೇಡಿ, ಆಟಿಕೆಯಂತೆ ಕಾಣುತ್ತದೆ. ಓಕರ್ ಮೂರು ಪಾಲು, ಕಪ್ಪು ಒಂದು ಪಾಲು, ಅಲ್ಟ್ರಾಮರೀನ್ ಚಿಟಿಕೆಯಷ್ಟು ಸೇರಿಸಿ, ಬೇಕಾದಂತೆ ಏರಿಳಿಸಿ. ಹೊಟ್ಟೆಯ ಕತ್ತಲಿಗೆ ಅಲ್ಟ್ರಾಮರೀನ್ ಮತ್ತು ಬರ್ಂಟ್ ಅಂಬರ್ ಬೆರೆಸಿ. ಬರೀ ಕಪ್ಪು ಹಾಕಿದರೆ ಫೋಟೊದಲ್ಲಿ ಆ ಜಾಗ ತೂತಿನಂತೆ ಕಾಣುತ್ತದೆ. ಧೂಳಿಗೆ ರಾ ಅಂಬರ್, ಬಿಳಿ, ಸ್ವಲ್ಪ ಓಕರ್, ಗ್ಲೇಜಿಂಗ್ ಮೀಡಿಯಂನಲ್ಲಿ (ಬಣ್ಣವನ್ನು ಪಾರದರ್ಶಕವಾಗಿ ತೆಳುಮಾಡುವ ದ್ರವ) ತೆಳ್ಳಗೆ, ಮೂರು ನಾಲ್ಕು ಪದರ. ನೀರನ್ನೇ ಹೆಚ್ಚು ಸುರಿದು ತೆಳುಮಾಡಿದರೆ ಬಣ್ಣದ ಹಿಡಿತ ಸಡಿಲಗೊಂಡು ಪುಡಿಯಾಗಿ ಉದುರುತ್ತದೆ. ಕೆಂಪು ಒಂದೇ ಕಡೆ, ಗಾಯಕ್ಕೆ ಕಟ್ಟಿದ ಬಟ್ಟೆಯ ಮೇಲೆ ಉಗುರಿನಷ್ಟು. ಟ್ಯೂಬಿನ ಮೇಲೆ ಬಣ್ಣದ್ರವ್ಯದ ಸಂಕೇತ, ಬೆಳಕು ತಾಳಿಕೆಯ ದರ್ಜೆ ಬರೆದಿರುತ್ತದೆ. ಒಂದನೇ ಎರಡನೇ ದರ್ಜೆಯವನ್ನೇ ಕೊಳ್ಳಿ. ಸ್ಮರಣೆಯ ಚಿತ್ರ ಸರ್ಕಾರಿ ಗೋಡೆಯ ಮೇಲೆ ವರ್ಷಗಟ್ಟಲೆ ಟ್ಯೂಬ್‌ಲೈಟಿನಡಿ ಇರಬೇಕಾಗಬಹುದು.

ಮುಖದ ಬಗ್ಗೆ ಒಂದು ಮಾತು. ರಾಣೆಯವರ ಮುಖ ಫೋಟೊಗಳಲ್ಲಿ ಪರಿಚಿತ. ಹೋಲಿಕೆ ಅರೆಬರೆ ಬಂದರೆ ಚಿತ್ರ ಕೆಡುತ್ತದೆ, ಅವರ ಮನೆಯವರಿಗೂ ನೋವಾಗುತ್ತದೆ. ವ್ಯಕ್ತಿಚಿತ್ರದಲ್ಲಿ ಪಳಗಿದ ಕೈಯಲ್ಲದಿದ್ದರೆ ಮುಖವನ್ನು ಮುಕ್ಕಾಲು ಆಚೆಗೆ ತಿರುಗಿಸಿ. ಕೈಗೆ ಮಾತ್ರ ನಿಮ್ಮ ಸಮಯವನ್ನೆಲ್ಲ ಕೊಡಿ. ಹಗ್ಗ ಹಿಡಿದ ಬೆರಳುಗಳ ಗೆಣ್ಣುಗಳು ಬಿಳಿಚಿರುತ್ತವೆ, ಮಣಿಕಟ್ಟು ಒಳಕ್ಕೆ ಬಾಗಿರುತ್ತದೆ, ಎಳೆಯುವಾಗ ಹೆಬ್ಬೆರಳು ಹಗ್ಗದ ಮೇಲೆ ಕೂರುತ್ತದೆ. ಕಿಟಕಿಯ ಸರಳಿಗೆ ಹಗ್ಗ ಕಟ್ಟಿ, ಎಳೆದು ಹಿಡಿದ ಕೈಯನ್ನು ಇನ್ನೊಂದು ಕೈಯಲ್ಲಿ ಬರೆಯಿರಿ.

ಬರೆಯುವುದಕ್ಕೆ ನಾಲ್ಕು ವಾರ ಸಾಕು, ಅದಕ್ಕಿಂತ ಹೆಚ್ಚು ಕೊಟ್ಟರೆ ಅತಿಯಾಗಿ ತಿದ್ದುತ್ತೀರಿ. ಮುಗಿದ ಮೇಲೆ ವಾರ ಒಣಗಲಿ. ಫೋಟೊ ತೆಗೆಯುವುದು ವಾರ್ನಿಷಿಗೆ ಮೊದಲು, ಏಕೆಂದರೆ ವಾರ್ನಿಷ್ ಮಿಂಚುತ್ತದೆ, ನಿಮ್ಮ ಕತ್ತಲ ಭಾಗವೇ ಮೊದಲು ಬೆಳ್ಳಗಾಗುತ್ತದೆ. ಚಿತ್ರವನ್ನು ಬಯಲಿನ ನೆರಳಿನಲ್ಲಿ, ಬೆಳಿಗ್ಗೆ ಒಂಬತ್ತು ಹತ್ತರ ಸುಮಾರಿಗೆ, ಗೋಡೆಗೆ ನೆಟ್ಟಗೆ ನೇತುಹಾಕಿ. ಪಕ್ಕದಲ್ಲಿ ಬಣ್ಣದ ಗೋಡೆ, ಕೆಂಪು ಕಾರು ಇರಬಾರದು. ಆ ಬಣ್ಣ ಚಿತ್ರದ ಮೇಲೆ ಬೀಳುತ್ತದೆ. ಫೋನ್ ಆದರೆ ಹತ್ತಿರ ಹೋಗದೆ ಎರಡು ಮೀಟರ್ ಹಿಂದೆ ನಿಂತು 2ಎಕ್ಸ್ ಲೆನ್ಸಿನಲ್ಲಿ ತೆಗೆಯಿರಿ; ಹತ್ತಿರದಿಂದ ತೆಗೆದರೆ ಅಂಚುಗಳು ಹೊಟ್ಟೆ ಬಿಡುತ್ತವೆ. ಲೆನ್ಸು ಚಿತ್ರದ ಮಧ್ಯಬಿಂದುವಿನ ಎತ್ತರದಲ್ಲಿರಲಿ, ಸ್ಟ್ಯಾಂಡ್ ಬಳಸಿ, ಟೈಮರ್ ಇಡಿ. ಫಿಲ್ಟರ್ ಬೇಡ, ಎಚ್‌ಡಿಆರ್ ಬೇಡ. ಅಂಚಿಗೆ ಸರಿಯಾಗಿ ಕತ್ತರಿಸಿ, ಎಸ್‌ಆರ್‌ಜಿಬಿ ಬಣ್ಣವ್ಯವಸ್ಥೆಯಲ್ಲಿ, ಉದ್ದದ ಬದಿ 3000 ಪಿಕ್ಸೆಲ್‌ಗಿಂತ ಕಡಿಮೆಯಾಗದಂತೆ ಜೆಪಿಇಜಿ ಮಾಡಿ. ಸಂಘಟಕರು ಬೇರೆ ಅಳತೆ ಹೇಳಿದ್ದರೆ ಅದೇ ಅಂತಿಮ. ವಾಟ್ಸ್‌ಆ್ಯಪ್‌ನಲ್ಲಿ ನಿಮಗೇ ಕಳಿಸಿಕೊಂಡ ಫೋಟೊವನ್ನು ಮತ್ತೆ ಅಪ್‌ಲೋಡ್ ಮಾಡಬೇಡಿ, ಅದು ಕುಗ್ಗಿರುತ್ತದೆ. ತೀರ್ಪು ಹೆಸರಿಲ್ಲದೆ ನಡೆಯುತ್ತದೆ ಎಂದು ನಿಯಮದಲ್ಲಿದ್ದರೆ ಸಹಿಯನ್ನು ಹಿಂಬದಿಗೆ ಹಾಕಿ, ಫೈಲಿನ ಹೆಸರಿನಲ್ಲೂ ನಿಮ್ಮ ಹೆಸರು ಬೇಡ.

ಟಿಪ್ಪಣಿಯನ್ನು ಮೊದಲು ಕನ್ನಡದಲ್ಲೇ ಬರೆಯಿರಿ, ಆಮೇಲೆ ಅವರು ಕೇಳಿದ ಭಾಷೆಗೆ ತನ್ನಿ. ಕಲ್ಪನೆ ಕನ್ನಡದಲ್ಲಿ ಹುಟ್ಟಿದ್ದರೆ ಇಂಗ್ಲಿಷಿನಲ್ಲಿ ಶುರುಮಾಡಿದ ಕೂಡಲೇ ಭಾಷಣದ ಮಾತು ಬಂದುಬಿಡುತ್ತವೆ. ದೇಶಭಕ್ತಿಯ ವಿಶೇಷಣಗಳನ್ನು ಬಿಟ್ಟು ಯಾರು, ಎಲ್ಲಿ, ಯಾವಾಗ, ಚಿತ್ರದಲ್ಲಿ ಏನಿದೆ ಎಂಬಷ್ಟನ್ನು ಹೇಳಿ. ಇಂಥದ್ದು ಸಾಕು:

‘1948ರ ಏಪ್ರಿಲ್ 8ರಿಂದ 11, ನೌಶೇರಾ–ರಜೌರಿ ರಸ್ತೆ. ಬಾಂಬೆ ಸ್ಯಾಪರ್ಸ್‌ನ ಸೆಕೆಂಡ್ ಲೆಫ್ಟಿನೆಂಟ್ ರಾಮ ರಾಘೋಬ ರಾಣೆ ಗಾಯಗೊಂಡಿದ್ದರೂ ಸ್ಟುವರ್ಟ್ ಟ್ಯಾಂಕಿನ ಅಡಿಯಲ್ಲಿ ತೆವಳುತ್ತ, ಹಗ್ಗ ಎಳೆದು ಚಾಲಕನಿಗೆ ದಾರಿ ತೋರಿದರು. ಮೊದಲ ದಿನವೇ ಅವರ ತುಕಡಿಯ ಇಬ್ಬರು ಮಾರ್ಟರ್ ಗುಂಡಿಗೆ ಬಲಿಯಾದರು. ರಸ್ತೆಯಂಚಿನ ಎರಡು ಗುದ್ದಲಿಗಳು ಅವರವು. ಏಪ್ರಿಲ್ 12ರಂದು ನಮ್ಮ ಸೇನೆ ರಜೌರಿ ಸೇರಿತು.’

ಇದು 150ರ ಮಿತಿಗಿಂತ ಬಹಳ ಕಡಿಮೆ. ಉಳಿದ ಪದಗಳಲ್ಲಿ ಮಾಧ್ಯಮ, ಅಳತೆ, ನಿಮ್ಮ ಆಕರಗಳನ್ನು ಹೇಳಿ. ಪೂರ್ತಿ ಮಿತಿ ತುಂಬಿಸಲೇಬೇಕೆಂದೇನಿಲ್ಲ.

ಪ್ರವೇಶಪತ್ರದ ಷರತ್ತುಗಳಲ್ಲಿ ಎರಡನ್ನು ಹುಡುಕಿ. ಒಂದು, ಬಹುಮಾನ ಬರದ ಚಿತ್ರ ವಾಪಸ್ ಬರುತ್ತದೆಯೇ, ಅದರ ಸಾಗಾಟದ ಖರ್ಚು ಯಾರದು. ಎರಡು, ಹಕ್ಕುಸ್ವಾಮ್ಯ. ‘ಕಳಿಸಿದ ಎಲ್ಲ ಕೃತಿಗಳೂ ಸಂಘಟಕರ ಸ್ವತ್ತು’ ಎಂಬ ಸಾಲು ಇದ್ದರೆ ಅದು ಕ್ಯಾನ್ವಾಸಿಗೆ ಮಾತ್ರವೋ, ಕ್ಯಾಲೆಂಡರ್, ಪೋಸ್ಟರ್ ಮುದ್ರಿಸುವ ಹಕ್ಕಿಗೂವೋ ಎಂದು ಬರಹದಲ್ಲಿ ಕೇಳಿ. 1957ರ ಹಕ್ಕುಸ್ವಾಮ್ಯ ಕಾಯಿದೆಯಂತೆ ಹಕ್ಕಿನ ವರ್ಗಾವಣೆ ಲಿಖಿತವಾಗಿರಬೇಕು; ಅವಧಿ ಹೇಳಿರದಿದ್ದರೆ ಐದು ವರ್ಷ, ಪ್ರದೇಶ ಹೇಳಿರದಿದ್ದರೆ ಭಾರತ ಎಂದು ಎಣಿಕೆ. ಹಕ್ಕು ಬಿಟ್ಟುಕೊಟ್ಟರೂ ನಿಮ್ಮ ಹೆಸರು ಹಾಕಿಸಿಕೊಳ್ಳುವ, ಕೃತಿಯನ್ನು ವಿರೂಪಗೊಳಿಸುವುದನ್ನು ಆಕ್ಷೇಪಿಸುವ ಅಧಿಕಾರ 57ನೇ ಕಲಮಿನಡಿ ನಿಮ್ಮಲ್ಲೇ ಉಳಿಯುತ್ತದೆ.

ಆಯ್ಕೆಯಾದರೆ ವಾರ್ನಿಷ್: ಮಳೆಯಿಲ್ಲದ ದಿನ, ಸ್ಯಾಟಿನ್ ಬಗೆಯದು, ಎರಡು ತೆಳು ಪದರ. ತೇವದಲ್ಲಿ ಹಾಕಿದರೆ ಮಂಜು ಕವಿದಂತೆ ಬಿಳುಪಾಗುತ್ತದೆ, ಅದನ್ನು ತೆಗೆಯುವುದು ಬಲು ಕಷ್ಟ. ಪ್ಯಾಕ್ ಮಾಡುವ ಮುನ್ನ ಕನಿಷ್ಠ ಒಂದು ವಾರ ಒಣಗಲಿ. ಅಕ್ರಿಲಿಕ್ ಬಣ್ಣ ಬಿಸಿಲಿಗೆ ಮೆತ್ತಗಾಗುತ್ತದೆ. ಬಬಲ್ ರ್‍ಯಾಪನ್ನು ನೇರ ಸುತ್ತಿದರೆ ಗುಳ್ಳೆಗಳ ಅಚ್ಚು ಚಿತ್ರದ ಮೇಲೆ ಉಳಿಯುತ್ತದೆ. ಮೊದಲು ಸಿಲಿಕೋನ್ ಲೇಪನದ ಕಾಗದ, ಬೇಕಿಂಗಿಗೆ ಬಳಸುವಂಥದ್ದು. ಮೂಲೆಗಳಿಗೆ ರಟ್ಟಿನ ರಕ್ಷೆ ಹಾಕಿ, ಮುಂದೆ ಹಿಂದೆ ಮೂರು ಮಿಲಿಮೀಟರ್ ಪ್ಲೈವುಡ್, ಅದು ಬಣ್ಣಕ್ಕೆ ತಾಗದಷ್ಟು ಅಂತರದಲ್ಲಿ. ಆಮೇಲೆ ಬಬಲ್ ರ್‍ಯಾಪ್, ಗುಳ್ಳೆ ಹೊರಮುಖವಾಗಿ. ಹೊರಗೆ ಗಟ್ಟಿ ಪೆಟ್ಟಿಗೆ, ಒಳಗೆ ಎರಡು ಸಿಲಿಕಾ ಜೆಲ್ ಪೊಟ್ಟಣ. ಸ್ಟ್ರೆಚರ್ ಬಿಚ್ಚಿ ಸುರುಳಿ ಮಾಡಿಯೇ ಕಳಿಸಬೇಕಾದರೆ ಬಣ್ಣದ ಮೈ ಹೊರಗಿರಲಿ, ಕೊಳವೆಯ ವ್ಯಾಸ 15 ಸೆಂಟಿಮೀಟರ್ ಇರಲಿ. ಒಳಮುಖವಾಗಿ ಸುತ್ತಿದರೆ ಬಣ್ಣದ ಪದರ ಒತ್ತಿಕೊಂಡು ನೆರಿಗೆ ಬಿದ್ದು ಬಿರುಕು ಬಿಡುತ್ತದೆ.

ಕ್ಯಾನ್ವಾಸಿನ ಹಿಂದೆ ನೇರ ಬಟ್ಟೆಯ ಮೇಲೆ ಪೆನ್ನಿನಿಂದ ಬರೆಯಬೇಡಿ, ಶಾಯಿ ಮುಂದಕ್ಕೆ ಇಳಿಯುತ್ತದೆ. ಮರದ ಪಟ್ಟಿಗೆ ಚೀಟಿ ಅಂಟಿಸಿ ಶೀರ್ಷಿಕೆ, ಮಾಧ್ಯಮ, ಅಳತೆ, ವರ್ಷ, ‘ಮೇಲ್ಭಾಗ’ ಎಂಬ ಬಾಣದ ಗುರುತು ಹಾಕಿ. ನಿಮ್ಮ ಚಿತ್ರದಲ್ಲಿ ಕತ್ತಲು ಹೆಚ್ಚಾದ್ದರಿಂದ ತಲೆಕೆಳಗಾಗಿ ನೇತುಹಾಕುವ ಸಂಭವವಿದೆ. ಡಿ-ಉಂಗುರಗಳನ್ನು ಮೇಲಿನಿಂದ ಮೂರನೇ ಒಂದು ಭಾಗದಲ್ಲಿ ಎರಡು ಬದಿಗೂ ಹಾಕಿ ತಂತಿ ಕಟ್ಟಿ, ತಂತಿ ಮೇಲಂಚಿನಿಂದ ಹೊರಗೆ ಇಣುಕದಿರಲಿ. ಪೆಟ್ಟಿಗೆ ಮುಚ್ಚುವ ಮೊದಲು ಚಿತ್ರದ ಮುಂಬದಿ, ಹಿಂಬದಿ, ನಾಲ್ಕು ಮೂಲೆಗಳ ಫೋಟೊ ತೆಗೆದು ದಿನಾಂಕದೊಂದಿಗೆ ಇಟ್ಟುಕೊಳ್ಳಿ, ಸಾಗಾಟದ ರಸೀದಿಯಲ್ಲಿ ಚಿತ್ರದ ಮೌಲ್ಯ ನಮೂದಿಸಿ ವಿಮೆ ಮಾಡಿಸಿ. ಹಾನಿಯಾಗಿ ವಾಪಸ್ ಬಂದರೆ ಈ ಎರಡು ದಾಖಲೆಗಳಿಲ್ಲದೆ ಪರಿಹಾರ ಕೇಳುವುದು ಕಷ್ಟ.